ಪ್ರಾಣ ಉಳಿಸಿಕೊಳ್ಳಲು ಪ್ರಾಣ ತೆಗೆಯಬಹುದಾ? ನಮ್ಮ ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

ರಾತ್ರಿ ಎರಡು ಗಂಟೆ. ಹಿಂದಿನ ಬಾಗಿಲ ಚಿಲಕ ಮುರಿದ ಸದ್ದು. ನೀವು ಎದ್ದು ಬರುತ್ತೀರಿ. ಕತ್ತಲಲ್ಲಿ ಒಬ್ಬ ನಿಂತಿದ್ದಾನೆ, ಕೈಯಲ್ಲಿ ಮಚ್ಚು ಇದೆ, ನಿಮ್ಮ ಕಡೆಗೇ ಬರುತ್ತಿದ್ದಾನೆ. ನಿಮ್ಮ ಕೈಗೆ ಸಿಕ್ಕಿದ್ದು ಒಂದು ಕಬ್ಬಿಣದ ರಾಡು. ಬೀಸುತ್ತೀರಿ. ಏಟು ಅವನ ಹಣೆಗೆ ಬೀಳುತ್ತದೆ. ಅವನು ಮಕಾಡೆ ಬೀಳುತ್ತಾನೆ, ಮಚ್ಚು ದೂರ ಹೋಗಿ ಬೀಳುತ್ತದೆ. ಇಲ್ಲಿವರೆಗೆ ಕಾನೂನು ನಿಮ್ಮ ಪಕ್ಕದಲ್ಲೇ ನಿಂತಿದೆ. ಆ ಏಟಿಗೆ ಅವನು ಸತ್ತಿದ್ದರೂ ನಿಂತಿರುತ್ತಿತ್ತು.

ಆದರೆ ನೀವು ಅಲ್ಲಿಗೆ ನಿಲ್ಲಿಸುವುದಿಲ್ಲ. ಮೈ ನಡುಗುತ್ತಿದೆ, ಸಿಟ್ಟು ನೆತ್ತಿಗೇರಿದೆ. ಬಿದ್ದವನ ತಲೆಯ ಹಿಂಭಾಗಕ್ಕೆ ಇನ್ನೊಂದು ಏಟು ಹಾಕುತ್ತೀರಿ, ಅದಕ್ಕೆ ಅವನು ಸಾಯುತ್ತಾನೆ. ಎರಡು ಏಟುಗಳ ನಡುವೆ ಕಳೆದದ್ದು ನಾಲ್ಕೋ ಐದೋ ಸೆಕೆಂಡು ಅಷ್ಟೇ. ಆ ಐದು ಸೆಕೆಂಡಿನಲ್ಲಿ ನಿಮ್ಮ ಹಕ್ಕು ಮುಗಿದುಹೋಗಿರುತ್ತದೆ.

ಆತ್ಮರಕ್ಷಣೆ ಅಂದಾಗ ನಾವೆಲ್ಲ ಆಯುಧದ ಬಗ್ಗೆ ಯೋಚಿಸುತ್ತೇವೆ. ಅವನ ಹತ್ತಿರ ಏನಿತ್ತು, ನನ್ನ ಹತ್ತಿರ ಏನಿತ್ತು ಅಂತ. ಕಾನೂನು ಅದಕ್ಕಿಂತ ಜಾಸ್ತಿ ನೋಡುವುದು ಗಡಿಯಾರವನ್ನು. ಭಯ ಯಾವಾಗ ಹುಟ್ಟಿತು, ಯಾವಾಗ ಹೋಯಿತು? ಈ ಎರಡರ ನಡುವೆ ನೀವು ಮಾಡಿದ್ದಕ್ಕೆ ಒಂದು ಲೆಕ್ಕ, ಅದರ ಆಚೆ ಮಾಡಿದ್ದಕ್ಕೆ ಬೇರೆಯದೇ ಲೆಕ್ಕ. ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದ ಸೆಕ್ಷನ್‌ಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ಇದನ್ನು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. "ಮನೆಯೊಳಗೆ ನುಗ್ಗಿದವನನ್ನು ಏನು ಮಾಡಿದರೂ ಕೇಸ್ ನಿಲ್ಲಲ್ಲ" ಅನ್ನೋದು ಒಂದು. "ಕಳ್ಳನಿಗೆ ಹೊಡೆದರೆ ನಮ್ಮ ಮೇಲೇ ಕೇಸ್ ಆಗುತ್ತೆ, ಸುಮ್ನೆ ಇರೋದೇ ವಾಸಿ" ಅನ್ನೋದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಜೈಲಿಗೆ ಹೋಗಬಹುದು. ಎರಡನೆಯದನ್ನು ನಂಬಿ ಕೈಕಟ್ಟಿ ನಿಂತವರು ಜೀವವನ್ನೇ ಕಳೆದುಕೊಳ್ಳಬಹುದು, ಮತ್ತು ನನಗೆ ಹೆಚ್ಚು ಸಂಕಟವಾಗುವುದು ಈ ಎರಡನೆಯದರ ಬಗ್ಗೆಯೇ.

ಮೊದಲು ಈ ಕಾನೂನು ಎಲ್ಲಿದೆ ಅಂತ ನೋಡೋಣ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದ ಸೆಕ್ಷನ್‌ಗಳು ಈಗ 34ರಿಂದ 44ರವರೆಗೆ ಇವೆ. ನಂಬರ್ ಬದಲಾಗಿದೆ, ವಿಷಯ ಹೆಚ್ಚುಕಡಿಮೆ ಅದೇ. 1860ರಲ್ಲಿ ಬರೆದ ಮಾತುಗಳೇ ಬಹುಪಾಲು ಇವತ್ತಿಗೂ ನಮ್ಮನ್ನು ಕಾಯುತ್ತಿವೆ. ಹಾಗಾಗಿ ಹಳೆಯ ತೀರ್ಪುಗಳೂ ಇಲ್ಲಿ ಕೆಲಸಕ್ಕೆ ಬರುತ್ತವೆ.

ಕಾನೂನಿನಲ್ಲಿ ಇದರ ಹೆಸರು ಖಾಸಗಿ ರಕ್ಷಣೆಯ ಹಕ್ಕು. "ಆತ್ಮರಕ್ಷಣೆ" ಅನ್ನೋ ಪದ ಸ್ವಲ್ಪ ಕಿರಿದು, ಯಾಕೆಂದರೆ ಈ ಹಕ್ಕು ನಿಮ್ಮ ಮೈಯನ್ನು ಮಾತ್ರ ಕಾಯುವುದಲ್ಲ. ಸೆಕ್ಷನ್ 35ರ ಪ್ರಕಾರ ಬೇರೆ ಯಾರ ದೇಹವನ್ನಾದರೂ ನೀವು ರಕ್ಷಿಸಬಹುದು. ಅವರು ನಿಮ್ಮ ಸಂಬಂಧಿಕರೇ ಆಗಬೇಕಿಲ್ಲ, ಪರಿಚಯದವರೂ ಆಗಬೇಕಿಲ್ಲ. ಬಸ್ ಸ್ಟಾಪಿನಲ್ಲಿ ಗೊತ್ತಿಲ್ಲದ ಹುಡುಗಿಯ ಮೇಲೆ ಒಬ್ಬ ಚಾಕು ಎತ್ತಿದರೆ, ಅವಳಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಹಕ್ಕು ನಿಮಗೂ ಇದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಇನ್ನಷ್ಟು ಜನ ಅಡ್ಡ ಹೋಗುತ್ತಿದ್ದರು ಅಂತ ನಾನು ನಿಜವಾಗಿ ನಂಬಿದ್ದೇನೆ.

ಇದು ತಪ್ಪು ಮಾಡಿ ಆಮೇಲೆ ಕೇಳುವ ಕ್ಷಮೆಯೂ ಅಲ್ಲ. ಈ ಹಕ್ಕನ್ನು ಬಳಸಿ ಮಾಡಿದ ಕೆಲಸ ಅಪರಾಧವೇ ಅಲ್ಲ ಅಂತ ಸೆಕ್ಷನ್ 34 ನೇರವಾಗಿ ಹೇಳುತ್ತದೆ.

ಸರಿ, ಹೊಡೆಯಬಹುದು. ಕೊಲ್ಲಬಹುದಾ? ಇದು ಬೇರೆ ಪ್ರಶ್ನೆ. ಇದಕ್ಕೆ ಉತ್ತರ ಸೆಕ್ಷನ್ 38ರಲ್ಲಿದೆ. ಅಲ್ಲಿ ಏಳು ಸಂದರ್ಭ ಕೊಟ್ಟಿದ್ದಾರೆ. ಎದುರಿನವನ ದಾಳಿಯಿಂದ ಸಾವು ಬರುತ್ತದೆ ಅನ್ನೋ ಭಯಕ್ಕೆ ಕಾರಣ ಇರಬೇಕು, ಅಥವಾ ತೀವ್ರ ಗಾಯ ಆಗುತ್ತದೆ ಅನ್ನೋ ಭಯಕ್ಕೆ ಕಾರಣ ಇರಬೇಕು. ಇವೆರಡು ಮುಖ್ಯ. ಆಮೇಲೆ ಅತ್ಯಾಚಾರದ ಉದ್ದೇಶದಿಂದ ನಡೆಯುವ ದಾಳಿ, ಅಸಹಜ ಲೈಂಗಿಕ ಕೃತ್ಯದ ಉದ್ದೇಶದ ದಾಳಿ, ಅಪಹರಣಕ್ಕಾಗಿ ನಡೆಯುವ ದಾಳಿ. ಆರನೆಯದು, ಪೊಲೀಸರ ನೆರವು ಸಿಗುವುದೇ ಇಲ್ಲ ಅನ್ನಿಸುವಂತೆ ನಿಮ್ಮನ್ನು ಕೂಡಿಹಾಕುವ ದಾಳಿ. ಏಳನೆಯದು ಆಸಿಡ್ ದಾಳಿ, ಇದನ್ನು ಸೇರಿಸಿದ್ದು 2013ರಲ್ಲಿ. ಆಸಿಡ್ ಎರಚುವುದು ಮಾತ್ರವಲ್ಲ, ಎರಚಲು ಹೊರಟಿದ್ದರೂ ಸಾಕು, ಅದರಿಂದ ತೀವ್ರ ಗಾಯ ಆಗಬಹುದು ಅನ್ನೋ ಭಯಕ್ಕೆ ಕಾರಣ ಇದ್ದರೆ ಹಕ್ಕು ಹುಟ್ಟುತ್ತದೆ.

ಅತ್ಯಾಚಾರದ ಸಂದರ್ಭವನ್ನು ಇನ್ನೊಮ್ಮೆ ಓದಿ. ಅಲ್ಲಿ ಜೀವಭಯ ಇರಬೇಕು ಅನ್ನೋ ಷರತ್ತೇ ಇಲ್ಲ. ಅವನು ಕೊಲ್ಲುತ್ತಾನಾ ಇಲ್ಲವಾ ಅಂತ ಆ ಹೆಣ್ಣು ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಅವನ ಉದ್ದೇಶ ಅದೇ ಅಂತ ನಂಬಲು ಕಾರಣ ಇದ್ದರೆ, ಬೇರೆ ದಾರಿ ಕಾಣದೆ ಅವಳು ಹೊಡೆದ ಏಟಿಗೆ ಅವನು ಸತ್ತರೂ ಅದು ಅಪರಾಧವಲ್ಲ. ಇದನ್ನು ಪ್ರತಿ ಹೆಣ್ಣುಮಗಳಿಗೂ ಯಾರಾದರೂ ಬಿಡಿಸಿ ಹೇಳಬೇಕು.

"ತೀವ್ರ ಗಾಯ" ಅಂದರೆ ಏನು? ಕಪಾಳಕ್ಕೆ ಬಿದ್ದ ಏಟು ಆ ಲೆಕ್ಕಕ್ಕೆ ಬರಲ್ಲ. ಕಣ್ಣು ಹೋಗುವುದು, ಕಿವಿ ಕೇಳದಾಗುವುದು, ಕೈಕಾಲು ಅಥವಾ ಕೀಲು ಊನವಾಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು, ಜೀವಕ್ಕೇ ಅಪಾಯ ತರುವ ಪೆಟ್ಟು, ಹದಿನೈದು ದಿನ ವಿಪರೀತ ನೋವಿನಲ್ಲಿ ನರಳಿಸುವ ಅಥವಾ ದಿನದ ಕೆಲಸ ಮಾಡಲಾಗದಂತೆ ಮಾಡುವ ಪೆಟ್ಟು, ಇಂಥವು. ಹಳೆಯ ಸಂಹಿತೆಯಲ್ಲಿ ಇದು ಇಪ್ಪತ್ತು ದಿನ ಇತ್ತು. ಸೆಕ್ಷನ್ 38ರ ಆ ಏಳು ಸಂದರ್ಭಗಳಲ್ಲಿ ಯಾವುದೂ ಇಲ್ಲದಿದ್ದರೆ ನೀವು ತಿರುಗಿ ಹೊಡೆಯಬಹುದು, ತಡೆಯಬಹುದು, ತಳ್ಳಬಹುದು, ಗಾಯವೂ ಮಾಡಬಹುದು. ಗೊತ್ತಿದ್ದೂ ಪ್ರಾಣ ತೆಗೆಯುವ ಹಾಗಿಲ್ಲ.

ಇನ್ನು ಭಯದ ಮಾತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಇಡೀ ವಿಷಯದ ಗುಂಡಿಗೆ ಇದೇ.

ಕಾನೂನು ಕೇಳುವುದು ಸಕಾರಣವಾದ ಭಯ. ಅಪಾಯ ನಿಜವಾಗಿ ಇರಲೇಬೇಕು ಅಂತಿಲ್ಲ. ಒಬ್ಬ ನಿಮ್ಮ ಎದೆಗೆ ಪಿಸ್ತೂಲು ಹಿಡಿದಿದ್ದಾನೆ ಅಂದುಕೊಳ್ಳಿ. ನೀವು ಹೊಡೆದಿರಿ, ಅವನು ಸತ್ತ. ಆಮೇಲೆ ನೋಡಿದರೆ ಅದು ಆಟಿಕೆ. ಆ ಹೊತ್ತಿನಲ್ಲಿ, ಆ ಬೆಳಕಿನಲ್ಲಿ, ನಿಮ್ಮ ಜಾಗದಲ್ಲಿ ಬೇರೆ ಯಾರೇ ನಿಂತಿದ್ದರೂ ಅದನ್ನು ನಿಜವಾದ ಪಿಸ್ತೂಲು ಅಂತಲೇ ನಂಬುತ್ತಿದ್ದರು ಅಂದಮೇಲೆ ನಿಮ್ಮ ಭಯಕ್ಕೆ ಕಾರಣ ಇತ್ತು, ಅಷ್ಟು ಸಾಕು. ಆದರೆ ಸುಮ್ನೆ "ನನಗೆ ಭಯವಾಯಿತು" ಅಂದರೆ ಆಗಲ್ಲ. ಪಕ್ಕದ ಮನೆಯವನ ಮುಖ ನೋಡಿದರೇ ನನಗೆ ದಿಗಿಲು ಅನ್ನುವವನು ಆ ದಿಗಿಲನ್ನೇ ಕಾರಣ ಮಾಡಿಕೊಂಡು ಹೊಡೆಯಲಾಗುವುದಿಲ್ಲ. ಆ ಭಯವನ್ನು ಹೊರಗಿನ ಯಾವುದಾದರೂ ಸಂಗತಿ ಹುಟ್ಟಿಸಿರಬೇಕು, ಎತ್ತಿದ ಕೈಯೋ, ಹಾಕಿದ ಬೆದರಿಕೆಯೋ, ಮುರಿದ ಬಾಗಿಲೋ.

ಹಾಗಂತ ಏಟು ಬೀಳುವ ತನಕ ಕಾಯಬೇಕಾಗಿಯೂ ಇಲ್ಲ. 1950ರಲ್ಲಿ ಮಧ್ಯಪ್ರದೇಶದ ಕಟ್ನಿಯಲ್ಲಿ ಗಲಭೆಯಾಯಿತು. ಒಬ್ಬ ಅಂಗಡಿಯವನ ಕಟ್ಟಡದ ಇನ್ನೊಂದು ಭಾಗದಲ್ಲಿದ್ದ ಅವನ ಸಹೋದರನ ಜಾಗವನ್ನು ಗುಂಪು ಆಗಲೇ ಲೂಟಿ ಮಾಡಿತ್ತು. ಆಮೇಲೆ ಇವನ ಬಾಗಿಲಿಗೆ ಲಾಠಿಗಳಿಂದ ಬಡಿಯತೊಡಗಿತು. ಅವನು ಗುಂಡು ಹಾರಿಸಿದ, ಒಬ್ಬ ಸತ್ತ. ಕೆಳಗಿನ ಕೋರ್ಟುಗಳು ಅವನಿಗೆ ಶಿಕ್ಷೆ ಕೊಟ್ಟವು, ಯಾಕೆಂದರೆ ಬಾಗಿಲು ಇನ್ನೂ ಮುರಿದಿರಲಿಲ್ಲ. 1952ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಪಕ್ಕದಲ್ಲಿ ಏನಾಯಿತು ಅಂತ ನೋಡಿದವನು, ಹೆಂಡತಿ ಮಕ್ಕಳು ಒಳಗಿರುವಾಗ, ಗುಂಪು ಒಳಗೆ ನುಗ್ಗುವ ತನಕ ಕಾಯುತ್ತಾ ಕೂರಬೇಕಿತ್ತಾ? ಬಾಗಿಲ ಮೇಲೆ ಬಿದ್ದ ಆ ಏಟುಗಳೇ ಅವನ ಭಯಕ್ಕೆ ಸಾಕಷ್ಟು ಕಾರಣ. ಸೆಕ್ಷನ್ 40 ಹೇಳುವುದೂ ಇದನ್ನೇ. ದಾಳಿಯ ಪ್ರಯತ್ನದಿಂದಲೋ ಬೆದರಿಕೆಯಿಂದಲೋ ಸಕಾರಣವಾದ ಭಯ ಹುಟ್ಟಿದ ಕೂಡಲೇ ಹಕ್ಕು ಹುಟ್ಟುತ್ತದೆ, ಅಪರಾಧ ಇನ್ನೂ ನಡೆದಿರದಿದ್ದರೂ ಸರಿಯೇ, ಮತ್ತು ಆ ಭಯ ಇರುವಷ್ಟು ಹೊತ್ತೂ ಅದು ಇರುತ್ತದೆ.

ಇರುವಷ್ಟು ಹೊತ್ತು. ಈ ಮಾತಿಗೇ ತುಂಬಾ ಜನ ಸಿಕ್ಕಿಬೀಳುವುದು.

1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿಗೆ ಪಂಜಾಬಿನಿಂದ ಒಂದು ಪ್ರಕರಣ ಬಂತು. ಜಮೀನಿನ ಜಗಳ. ಒಂದು ಗುಂಪು ಹೊಲಕ್ಕೆ ನುಗ್ಗಿ ಬಂತು, ಹೊಲದಲ್ಲಿದ್ದವರು ಗುಂಡು ಹಾರಿಸಿದರು, ಬಂದವರಲ್ಲಿ ಒಬ್ಬ ಬಿದ್ದ. ಅವನು ಬಿದ್ದಿದ್ದೇ ತಡ ಉಳಿದವರು ಓಡತೊಡಗಿದರು. ಗುಂಡು ನಿಲ್ಲಲಿಲ್ಲ. ದೂರದಲ್ಲಿದ್ದವರ ಮೇಲೂ ಹಾರಿಸಿದರು, ಇನ್ನಷ್ಟು ಹೆಣ ಬಿತ್ತು. ಎದುರಿನವರು ಓಡಲು ಶುರುಮಾಡಿದ ಮೇಲೆ ಅಪಾಯ ಮುಗಿಯಿತು, ಅಪಾಯ ಮುಗಿದ ಮೇಲೆ ಹಾರಿಸಿದ ಗುಂಡಿಗೆ ರಕ್ಷಣೆ ಇಲ್ಲ ಅಂತ ಕೋರ್ಟ್ ಹೇಳಿತು. ಅದೇ ಜಾಗ, ಅದೇ ಜನ, ಅದೇ ಬಂದೂಕು. ಬದಲಾಗಿದ್ದು ಹೊತ್ತು ಮಾತ್ರ.

ಗಡಿಯಾರದ ಇನ್ನೊಂದು ತುದಿಯನ್ನೂ ನೋಡಿ. 1974ರಲ್ಲಿ ತೀರ್ಮಾನವಾದ ಉತ್ತರ ಪ್ರದೇಶದ ಪ್ರಕರಣ. ಮಾರುಕಟ್ಟೆಯಲ್ಲಿ ಕರಬೂಜದ ಖರೀದಿಗೆ ಶುರುವಾದ ಮಾತು ಬೈಗುಳಕ್ಕೆ ತಿರುಗಿತು. ಒಬ್ಬ ಮನೆಗೆ ಹೋದ. ಬಂದೂಕು, ಚಾಕು, ಲಾಠಿ ಸಮೇತ ಮಕ್ಕಳ ಜೊತೆ ತಿರುಗಿ ಬಂದ. ಎದುರಾಳಿ ಸತ್ತ. "ಅವರು ನಮ್ಮ ಮೇಲೆ ಲಾಠಿ ಬೀಸಿದರು, ಅದಕ್ಕೆ ಹಾರಿಸಿದೆವು" ಅಂತ ವಾದಿಸಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ರಕ್ಷಣೆಯ ಹಕ್ಕೇ ಹೊರತು ಸೇಡಿನ ಹಕ್ಕಲ್ಲ, ತಾನೇ ಸನ್ನಿವೇಶ ಸೃಷ್ಟಿಸಿಕೊಂಡು ಅದನ್ನೇ ಗುರಾಣಿ ಮಾಡಿಕೊಳ್ಳುವವನಿಗೆ ಇದು ಸಿಗುವುದಿಲ್ಲ ಅನ್ನೋದು ಆ ತೀರ್ಪಿನ ಸಾರ. ಮನೆಗೆ ಹೋಗಿ ಆಯುಧ ತರುವಷ್ಟು ಹೊತ್ತು ಇತ್ತು ಅಂದಮೇಲೆ, ಮನೆಯಲ್ಲೇ ಉಳಿಯುವಷ್ಟೂ ಹೊತ್ತು ಇತ್ತು ಅಲ್ವಾ?

ಇಬ್ಬರೂ ಮೊದಲೇ ತಯಾರಾಗಿ ಬಂದು ಬಡಿದಾಡಿಕೊಂಡರೂ ಹೀಗೇ. ಆಗ ಯಾರಿಗೂ ಈ ಹಕ್ಕಿಲ್ಲ, ತಾನು ಮಾಡಿದ್ದಕ್ಕೆ ತಾನೇ ಹೊಣೆ.

ಈಗ ಅಳತೆ. ಎಷ್ಟು ಬಲ ಬಳಸಬಹುದು? ರಕ್ಷಣೆಗೆ ಬೇಕಾದಷ್ಟು ಹಾನಿ ಮಾತ್ರ, ಅದಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ ಅಂತ ಸೆಕ್ಷನ್ 37 ಹೇಳುತ್ತದೆ. ಇದನ್ನು ಕೇಳಿದ ತಕ್ಷಣ ಜನ "ಅವನು ಕೋಲು ತಂದರೆ ನಾನೂ ಕೋಲೇ ಹಿಡಿಯಬೇಕಾ" ಅಂತ ಕೇಳುತ್ತಾರೆ. ಇಲ್ಲ. 1970ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಸರಿಯಾಗಿ ಇದೇ ಪ್ರಶ್ನೆ. ಒಬ್ಬನ ತಲೆಗೆ ಲಾಠಿ ಏಟು ಬಿದ್ದಿತ್ತು, ಅವನು ಈಟಿಯಿಂದ ತಿವಿದ, ಎದುರಿನವನು ಸತ್ತ. ಲಾಠಿಗೆ ಈಟಿ ಜಾಸ್ತಿಯಾಯಿತು ಅಂತ ಹೈಕೋರ್ಟ್ ಹೇಳಿತ್ತು. ತಲೆಯಂಥ ನಾಜೂಕಾದ ಜಾಗಕ್ಕೆ ಬಿದ್ದ ಲಾಠಿ ಏಟೂ ಪ್ರಾಣ ತೆಗೆಯಬಲ್ಲದು ಅಂತ ಹೇಳಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಆಯುಧದ ಹೆಸರು ನೋಡಿ ತೂಗುವುದಲ್ಲ, ಅದು ಆ ಕ್ಷಣದಲ್ಲಿ ಏನು ಮಾಡಬಲ್ಲದು ಅಂತ ನೋಡುವುದು.

ಪಂಜಾಬಿನದೇ ಇನ್ನೊಂದು ಪ್ರಕರಣ 2010ರಲ್ಲಿ ಬಂತು. ಹೊಲದ ತಕರಾರಿನಲ್ಲಿ ತಂದೆಯ ಮೇಲೆ ಹರಿತವಾದ ಆಯುಧದಿಂದ ದಾಳಿಯಾಯಿತು, ಮಗ ಗುಂಡು ಹಾರಿಸಿದ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ದಾಳಿಗೆ ಸಿಕ್ಕಿದವನು ತನ್ನ ಪ್ರತಿ ಏಟನ್ನೂ ಲೆಕ್ಕದ ಹಾಗೆ ಅಳೆದು ಹೊಡೆಯಬೇಕು ಅಂತ ಬಯಸುವುದು ವಾಸ್ತವವಲ್ಲ ಅಂತ ಆ ತೀರ್ಪು ಹೇಳುತ್ತದೆ. ಈ ಹಕ್ಕಿನ ಬಗ್ಗೆ ಹತ್ತು ಸೂತ್ರಗಳನ್ನೂ ಅದು ಒಂದೆಡೆ ಕೊಟ್ಟಿದೆ, ಹಾಗಾಗಿ ವಕೀಲರು ಇವತ್ತಿಗೂ ಅದನ್ನೇ ಮೊದಲು ತೆಗೆಯುತ್ತಾರೆ. ಚಿನ್ನ ತೂಗುವ ತಕ್ಕಡಿಯಲ್ಲಿ ಇಟ್ಟು ತೂಗಬಾರದು ಅನ್ನೋ ಮಾತೂ ನಮ್ಮ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನಗೆ ಇದು ತುಂಬಾ ಮನುಷ್ಯತ್ವದ ಮಾತು ಅನ್ನಿಸುತ್ತದೆ. ತಣ್ಣಗೆ ಕೂತು ಫೈಲು ಓದುವವರಿಗೆ ಕಾಣುವ ದಾರಿಗಳು ಮಚ್ಚಿನ ಮುಂದೆ ನಿಂತವರಿಗೆ ಕಾಣುವುದಿಲ್ಲ.

ಓಡಿಹೋಗಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ, ಮನೆಯ ಹೊರಗೆ ಇದ್ದಾಗ, ಅಪಾಯವಿಲ್ಲದೆ ಹಿಂದೆ ಸರಿಯಲು ಆಗುತ್ತಿದ್ದರೆ ಸರಿಯಲೇಬೇಕು ಅಂತ ನಿಯಮವಿದೆ. ಇನ್ನು ಕೆಲವು ರಾಜ್ಯಗಳಲ್ಲಿ ನಿಂತಲ್ಲೇ ನಿಲ್ಲಬಹುದು. ನಮ್ಮ ಸಂಹಿತೆಯಲ್ಲಿ "ಮೊದಲು ಓಡು" ಅಂತ ಎಲ್ಲೂ ಬರೆದಿಲ್ಲ. ದಾಳಿಯಾದಾಗ ಹೇಡಿಯ ಹಾಗೆ ಓಡಬೇಕು ಅಂತ ಕಾನೂನು ಬಯಸುವುದಿಲ್ಲ ಅಂತ ನಮ್ಮ ಕೋರ್ಟುಗಳೂ ಹೇಳಿವೆ. ಆದರೆ ಪೊಲೀಸರನ್ನೋ ಬೇರೆ ಅಧಿಕಾರಿಗಳನ್ನೋ ಸೇರಿ ರಕ್ಷಣೆ ಪಡೆಯಲು ಸಮಯ ಇದ್ದರೆ ಈ ಹಕ್ಕೇ ಇಲ್ಲ ಅಂತ ಸೆಕ್ಷನ್ 37 ಹೇಳುತ್ತದೆ. "ನಾಳೆ ಬಂದು ನಿನ್ನನ್ನು ಮುಗಿಸುತ್ತೇನೆ" ಅಂತ ಇವತ್ತು ಫೋನಿನಲ್ಲಿ ಹೇಳಿದವನ ಮನೆಗೆ ನೀವೇ ಹೋಗಿ ಹೊಡೆದರೆ ಅದು ರಕ್ಷಣೆ ಆಗುವುದಿಲ್ಲ. ನಿಮಗೆ ಒಂದು ಇಡೀ ರಾತ್ರಿ ಇತ್ತು.

ಪೊಲೀಸರ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ನೌಕರ ಸದ್ಭಾವನೆಯಿಂದ ತನ್ನ ಕೆಲಸ ಅಂತ ಮಾಡುತ್ತಿದ್ದರೆ, ಅದರಲ್ಲಿ ಸಣ್ಣಪುಟ್ಟ ಕಾನೂನು ದೋಷ ಇದ್ದರೂ ಅವನ ಮೇಲೆ ಕೈ ಮಾಡುವ ಹಕ್ಕಿಲ್ಲ. ಅದರಿಂದ ಸಾವಿನ ಅಥವಾ ತೀವ್ರ ಗಾಯದ ಭಯ ಹುಟ್ಟಿದರೆ, ಅಥವಾ ಅವನು ನೌಕರ ಅಂತ ನಿಮಗೆ ಗೊತ್ತೇ ಇಲ್ಲದಿದ್ದರೆ ಮಾತು ಬೇರೆ.

ಆಸ್ತಿಗೆ ಬರೋಣ. ಜೇಬಿಗೆ ಕೈ ಹಾಕಿದವನನ್ನು ಕೊಲ್ಲಬಹುದಾ? ಇಲ್ಲ. ಬೈಕು ಕದಿಯುವವನನ್ನು? ಇಲ್ಲ. ತಡೆಯಿರಿ, ಹಿಡಿಯಿರಿ, ಬೇಕಾದಷ್ಟು ಬಲ ಬಳಸಿ, ಪ್ರಾಣಕ್ಕೆ ಕೈ ಹಾಕುವ ಹಾಗಿಲ್ಲ. ಆಸ್ತಿಗಾಗಿ ಪ್ರಾಣ ಹೋದರೂ ಸರಿ ಅನ್ನುವ ಸಂದರ್ಭಗಳು ಸೆಕ್ಷನ್ 41ರಲ್ಲಿ ನಾಲ್ಕೇ ನಾಲ್ಕು. ದರೋಡೆ ಅಥವಾ ಸುಲಿಗೆ, ಅಂದರೆ ಹೊಡೆದು ಬಡಿದು ಅಥವಾ ತಕ್ಷಣ ಹೊಡೆಯುತ್ತೇನೆ ಅಂತ ಹೆದರಿಸಿ ಕಿತ್ತುಕೊಳ್ಳುವುದು. ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆಗೆ ಕನ್ನ ಹಾಕುವುದು. ಜನ ವಾಸಿಸುವ ಅಥವಾ ಸಾಮಾನು ಇಡುವ ಕಟ್ಟಡಕ್ಕೆ, ಡೇರೆಗೆ, ಹಡಗಿಗೆ ಬೆಂಕಿ ಇಡುವುದು ಅಥವಾ ಸ್ಫೋಟಕ ಇಡುವುದು. ಕೊನೆಯದಾಗಿ, ಹಕ್ಕು ಬಳಸದಿದ್ದರೆ ಸಾವೋ ತೀವ್ರ ಗಾಯವೋ ಆಗಿಯೇ ಆಗುತ್ತದೆ ಅನ್ನುವ ಭಯ ಹುಟ್ಟಿಸುವಂಥ ಕಳ್ಳತನ, ಹಾನಿ, ಅಥವಾ ಮನೆ ಅತಿಕ್ರಮಣ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ, ಪ್ರತಿಯೊಂದರಲ್ಲೂ ಆಸ್ತಿಯ ಹಿಂದೆ ಒಬ್ಬ ಮನುಷ್ಯನ ಜೀವ ನಿಂತಿದೆ. ರಾತ್ರಿ ಬಾಗಿಲು ಮುರಿದು ಬಂದವನು ಯಾಕೆ ಬಂದ, ಎಷ್ಟು ಜನ ಇದ್ದಾರೆ ಅಂತ ಮಲಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಹಗಲು ರಾತ್ರಿಗೆ ವ್ಯತ್ಯಾಸ ಮಾಡಿದ್ದು ಅದಕ್ಕೇ. ಆದರೆ ಇಲ್ಲೂ "ಬೇಕಾದಷ್ಟೇ" ಅನ್ನುವ ಅಳತೆ ಬಿಟ್ಟುಹೋಗಲ್ಲ. ಕಿಟಕಿಯಿಂದ ಹಾರಿ ಓಡುತ್ತಿರುವವನ ಬೆನ್ನಿಗೆ ಗುಂಡಿಕ್ಕಲು ಯಾವ ಸೆಕ್ಷನ್ನೂ ಅನುಮತಿ ಕೊಡುವುದಿಲ್ಲ.

ತೋಟಕ್ಕೆ, ಕಾಂಪೌಂಡಿಗೆ ಕರೆಂಟ್ ತಂತಿ ಎಳೆಯುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬಿಹಾರದಲ್ಲಿ ಒಬ್ಬ ತನ್ನ ಶೌಚಾಲಯಕ್ಕೆ ಬೇರೆಯವರು ಬರುತ್ತಾರೆ ಅಂತ ಬರಿಯ ತಂತಿ ಎಳೆದು ನೇರ ವಿದ್ಯುತ್ ಹರಿಸಿದ್ದ. ನೆರೆಮನೆಯ ಶೌಚಾಲಯದ ಗೋಡೆ ಬಿದ್ದುಹೋಗಿದ್ದರಿಂದ ಅಲ್ಲಿಯ ಹೆಣ್ಣುಮಗಳು ಇವನ ಶೌಚಾಲಯಕ್ಕೆ ಬರುತ್ತಿದ್ದಳು, ತಂತಿ ತಗುಲಿ ಸತ್ತಳು. ಅದು ನನ್ನ ಜಾಗ, ನನ್ನ ಆಸ್ತಿ ಅಂತ ಅವನು ವಾದಿಸಿದ. 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅತಿಕ್ರಮಣ ಮಾಡಿದ ಮಾತ್ರಕ್ಕೆ ಒಬ್ಬರ ಜೀವಕ್ಕೆ ಬೆಲೆ ಇಲ್ಲದಾಗುವುದಿಲ್ಲ. ತಂತಿಗೆ ಕಣ್ಣಿಲ್ಲ. ಬಂದವನು ಕಳ್ಳನೋ, ಚೆಂಡು ಹುಡುಕಿ ಬಂದ ಮಗುವೋ ಅಂತ ಅದು ನೋಡುವುದಿಲ್ಲ.

ದಾಳಿ ಮಾಡುವವನು ಮಾನಸಿಕ ಅಸ್ವಸ್ಥ ಆಗಿದ್ದರೆ? ಅಥವಾ ಏನೂ ತಿಳಿಯದ ಚಿಕ್ಕ ವಯಸ್ಸಿನವನಾಗಿದ್ದರೆ? ಅವನ ಕೆಲಸ ಅಪರಾಧವಾಗದೇ ಇರಬಹುದು, ಆದರೂ ನಿಮ್ಮ ರಕ್ಷಣೆಯ ಹಕ್ಕು ಹಾಗೇ ಇರುತ್ತದೆ. ಇನ್ನೊಂದು ಕಷ್ಟದ ಸಂದರ್ಭವೂ ಸಂಹಿತೆಯಲ್ಲೇ ಉದಾಹರಣೆಯಾಗಿ ಇದೆ. ಕೊಲ್ಲಲು ಬಂದ ಗುಂಪಿನೊಳಗೆ ಮಕ್ಕಳೂ ಸೇರಿಕೊಂಡಿದ್ದಾರೆ, ಗುಂಪಿನ ಮೇಲೆ ಗುಂಡು ಹಾರಿಸದೆ ಬದುಕುವ ದಾರಿಯೇ ಇಲ್ಲ, ಹಾರಿಸಿದರೆ ಮಕ್ಕಳಿಗೂ ತಗುಲಬಹುದು. ಹಾರಿಸಿದರೂ ಅದು ಅಪರಾಧವಲ್ಲ ಅನ್ನುತ್ತದೆ ಸೆಕ್ಷನ್ 44. ಕಾನೂನು ಇಷ್ಟು ದೂರ ನಮ್ಮ ಜೊತೆ ಬರುತ್ತದೆ ಅಂತ ಮೊದಲ ಸಲ ಓದಿದಾಗ ನನಗೇ ಮೈ ಜುಮ್ಮೆಂದಿತ್ತು.

ಎಲ್ಲಾ ಕಡೆ ಹೀಗೆ ಬರುವುದಿಲ್ಲ ಅನ್ನೋದನ್ನೂ ಹೇಳಬೇಕು. ವರ್ಷಗಟ್ಟಲೆ ಗಂಡನ ಏಟು ತಿಂದ ಒಬ್ಬ ಹೆಂಗಸನ್ನು ನೆನಪಿಸಿಕೊಳ್ಳಿ. ಅವನು ಎದುರು ನಿಂತಾಗ ಅವಳ ಕೈಲಿ ಆಗುವುದಿಲ್ಲ, ಬಲದಲ್ಲಿ ಅವನೇ ಮೇಲು. ಒಂದು ರಾತ್ರಿ "ಬೆಳಿಗ್ಗೆ ನಿನ್ನನ್ನು ಮುಗಿಸುತ್ತೇನೆ" ಅಂತ ಹೇಳಿ ಅವನು ಮಲಗುತ್ತಾನೆ. ಮಲಗಿದ್ದಾಗಲೇ ಅವಳು ಹೊಡೆಯುತ್ತಾಳೆ. ಅವಳ ಭಯ ಸುಳ್ಳಾ? ಖಂಡಿತ ಅಲ್ಲ. ಆದರೆ ಗಡಿಯಾರ ಇಟ್ಟು ನೋಡಿದರೆ ಆ ಕ್ಷಣದಲ್ಲಿ ದಾಳಿ ಇಲ್ಲ, ಮಲಗಿದವನ ಕೈ ಎತ್ತಿಲ್ಲ. ಖಾಸಗಿ ರಕ್ಷಣೆಯ ವಾದ ಇಲ್ಲಿ ನಿಲ್ಲುವುದು ಬಹಳ ಕಷ್ಟ. ವಕೀಲರು ತೀವ್ರ ಪ್ರಚೋದನೆಯಂಥ ಬೇರೆ ದಾರಿ ಹುಡುಕಬೇಕಾಗುತ್ತದೆ. ಸಮಬಲದ ಇಬ್ಬರು ಗಂಡಸರು ಎದುರುಬದುರು ನಿಂತ ಚಿತ್ರವನ್ನು ಮನಸ್ಸಿನಲ್ಲಿಟ್ಟು 1860ರಲ್ಲಿ ಬರೆದ ಸಾಲುಗಳು ಇವು, ಒಂದೇ ಸೂರಿನಡಿ ದಿನಾ ಹೆದರಿ ಬದುಕುವವಳ ಭಯವನ್ನು ಅಳೆಯುವ ಗಡಿಯಾರ ಅವುಗಳಲ್ಲಿಲ್ಲ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ಕಾನೂನು ಇನ್ನೂ ಅತ್ಯಾಚಾರ ಅಂತ ಕರೆಯುವುದಿಲ್ಲ, ಹಾಗಾಗಿ ಏಳರ ಪಟ್ಟಿಯ ಆ ರಕ್ಷಣೆಯೂ ಅವಳಿಗೆ ನೇರವಾಗಿ ಸಿಗುವುದಿಲ್ಲ. ಜೀವಭಯವನ್ನೋ ತೀವ್ರ ಗಾಯದ ಭಯವನ್ನೋ ಬೇರೆಯಾಗಿ ತೋರಿಸಬೇಕು. ಹೊಸ ಸಂಹಿತೆ ಬರೆಯುವಾಗ ಇದನ್ನು ಸರಿಮಾಡಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಕ್ಕು ಇತ್ತು, ಆದರೆ ಮಿತಿ ಮೀರಿತು ಅನ್ನುವಾಗ ಏನಾಗುತ್ತದೆ? ನೇರವಾಗಿ ಕೊಲೆ ಅಂತ ಹೇಳಿಬಿಡುವುದಿಲ್ಲ. ಮೊದಲೇ ಯೋಜನೆ ಇರಲಿಲ್ಲ, ಸದ್ಭಾವನೆಯಿಂದಲೇ ರಕ್ಷಣೆಗೆ ಇಳಿದಿದ್ದ, ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಉದ್ದೇಶ ಇರಲಿಲ್ಲ, ಆದರೂ ಮೀರಿಹೋಯಿತು ಅಂತಾದರೆ ಅದು ಕೊಲೆಯಲ್ಲದ ದಂಡನೀಯ ನರಹತ್ಯೆ. ಇದು ಸೆಕ್ಷನ್ 101ರ ಎರಡನೇ ವಿನಾಯಿತಿ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ. ಇದಕ್ಕೆ, ಕೊಲ್ಲುವ ಉದ್ದೇಶ ಇತ್ತು ಅಂತಾದರೆ ಜೀವಾವಧಿ ಅಥವಾ 5ರಿಂದ 10 ವರ್ಷ, ಸಾಯಬಹುದು ಅನ್ನುವ ಅರಿವು ಮಾತ್ರ ಇತ್ತು ಅಂತಾದರೆ 10 ವರ್ಷದವರೆಗೆ. ಕನಿಷ್ಠ 5 ವರ್ಷ ಅನ್ನೋದು ಹೊಸ ಸಂಹಿತೆಯಲ್ಲಿ ಸೇರಿದ್ದು.

ಇನ್ನು ಇದೆಲ್ಲ ನಡೆದ ಮೇಲೆ. ಒಬ್ಬ ಮನುಷ್ಯ ಸತ್ತಿದ್ದಾನೆ ಅಂದಮೇಲೆ ಎಫ್‌ಐಆರ್ ಆಗಿಯೇ ಆಗುತ್ತದೆ. ಬಂಧನವೂ ಆಗಬಹುದು, ಜಾಮೀನಿಗೆ ಓಡಾಡಬೇಕಾಗಬಹುದು. ಇದನ್ನು ಮುಚ್ಚಿಡುವುದಿಲ್ಲ, "ನಮ್ಮ ಮೇಲೇ ಕೇಸ್" ಅನ್ನುವವರ ಮಾತಿನಲ್ಲಿ ಇಷ್ಟು ಮಾತ್ರ ನಿಜ. ಆದರೆ ಕೇಸ್ ಆಗುವುದು ಬೇರೆ, ಶಿಕ್ಷೆ ಆಗುವುದು ಬೇರೆ. ರಕ್ಷಣೆಗಾಗಿ ಮಾಡಿದೆ ಅಂತ ತೋರಿಸುವ ಹೊಣೆ ಆರೋಪಿಯ ಮೇಲಿದೆ ನಿಜ, ಆದರೆ ಪ್ರಾಸಿಕ್ಯೂಷನ್ (ಕೇಸ್ ನಡೆಸುವ ಸರ್ಕಾರಿ ಪಕ್ಷ) ಹಾಗೆ ಅನುಮಾನಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಅಂತ ತೋರಿಸಿದರೆ ಸಾಕು. ಅದಕ್ಕೆ ತನ್ನ ಕಡೆಯ ಸಾಕ್ಷಿಗಳನ್ನೇ ತರಬೇಕಾಗಿಯೂ ಇಲ್ಲ, ಪ್ರಾಸಿಕ್ಯೂಷನ್ ಸಾಕ್ಷಿಗಳ ಬಾಯಿಂದ ಬಂದದ್ದರಲ್ಲೇ ತೋರಿಸಬಹುದು. ಆರೋಪಿ ಈ ವಾದ ಎತ್ತದಿದ್ದರೂ ದಾಖಲೆಯಲ್ಲಿ ಅದು ಕಾಣುತ್ತಿದ್ದರೆ ಕೋರ್ಟ್ ತಾನೇ ಪರಿಗಣಿಸಬಹುದು.

ಹಾಗಾಗಿ ಆ ಮೊದಲ ಒಂದು ಗಂಟೆ ತುಂಬಾ ಮುಖ್ಯ. 112ಕ್ಕೆ ನೀವೇ ಫೋನ್ ಮಾಡಿ, ಆಂಬುಲೆನ್ಸ್ ಕೇಳಿ. ಅವನು ಬದುಕಿದ್ದರೆ ಉಳಿಸಲು ನೋಡಿ. ಯಾವುದನ್ನೂ ತೊಳೆಯಬೇಡಿ, ಸರಿಸಬೇಡಿ. ಮುರಿದ ಚಿಲಕ, ಬಿದ್ದ ಮಚ್ಚು ಇದ್ದಲ್ಲೇ ಇರಲಿ, ಮಹಜರಿನಲ್ಲಿ ಅವು ದಾಖಲಾಗಬೇಕು. ನಿಮ್ಮ ಮೈಮೇಲೆ ಸಣ್ಣ ಗಾಯ ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ ಗಾಯದ ಪ್ರಮಾಣಪತ್ರ ಮಾಡಿಸಿ. ಆರೋಪಿಯ ಮೈಮೇಲಿನ ಗಂಭೀರ ಗಾಯಗಳು ಹೇಗಾದವು ಅಂತ ಪ್ರಾಸಿಕ್ಯೂಷನ್ ವಿವರಿಸದಿದ್ದರೆ ಅವರ ಕಥೆಯ ಮೇಲೇ ಕೋರ್ಟಿಗೆ ಅನುಮಾನ ಬರುತ್ತದೆ, ಎಷ್ಟೋ ಪ್ರಕರಣ ತಿರುಗಿದ್ದು ಅಲ್ಲಿಂದಲೇ. ಭಯಕ್ಕೆ ಬಿದ್ದು ಹೆಣ ಸಾಗಿಸುವುದು, ಕಥೆ ಕಟ್ಟುವುದು, ಊರು ಬಿಡುವುದು ಮಾಡಬೇಡಿ. ನಿಜವಾಗಿ ರಕ್ಷಣೆಗೆ ಹೊಡೆದವರೂ ಇದರಿಂದಲೇ ಕೊಲೆಗಾರರ ಹಾಗೆ ಕಾಣತೊಡಗುತ್ತಾರೆ. ವಿವರವಾದ ಹೇಳಿಕೆ ಕೊಡುವ ಮೊದಲು ವಕೀಲರ ಜೊತೆ ಮಾತಾಡುವ ಹಕ್ಕು ನಿಮಗಿದೆ, ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಯಾರೂ ಬಲವಂತ ಮಾಡುವ ಹಾಗಿಲ್ಲ. ವಕೀಲರನ್ನು ಇಡಲು ಶಕ್ತಿ ಇಲ್ಲದಿದ್ದರೆ ಉಚಿತ ಕಾನೂನು ನೆರವು ಸಿಗುತ್ತದೆ.

ಮತ್ತೆ ಆ ರಾತ್ರಿ ಎರಡು ಗಂಟೆಗೆ ಹೋಗೋಣ. ಮುರಿದ ಚಿಲಕ ಇದೆ, ಹೊತ್ತು ರಾತ್ರಿ, ಮಚ್ಚು ಇದೆ. ಕನ್ನ, ಜೀವಭಯ ಎರಡೂ ನಿಮ್ಮ ಪರ. ನಿಮ್ಮ ವಕೀಲರು ಇದೆಲ್ಲವನ್ನೂ ಕೋರ್ಟಿನ ಮುಂದೆ ಇಡುತ್ತಾರೆ. ಅವನು ಮತ್ತೆ ಏಳುತ್ತಿದ್ದನಾ, ಮಚ್ಚಿನ ಕಡೆ ಕೈ ಚಾಚಿದ್ದನಾ, ಕತ್ತಲಲ್ಲಿ ನಿಮಗೆ ಮಚ್ಚು ದೂರ ಬಿದ್ದದ್ದು ಕಾಣಿಸಿತ್ತಾ ಅಂತ ಕೇಳುತ್ತಾರೆ, ಯಾಕೆಂದರೆ ಇವುಗಳಲ್ಲಿ ಒಂದಕ್ಕಾದರೂ ನಂಬುವಂಥ ಉತ್ತರ ಇದ್ದರೆ ನಿಮ್ಮ ಭಯ ಇನ್ನೂ ಮುಗಿದಿರಲಿಲ್ಲ ಅಂತಾಗುತ್ತದೆ. ಸರ್ಕಾರಿ ವಕೀಲರು ಮರಣೋತ್ತರ ಪರೀಕ್ಷೆಯ ವರದಿ ತೆಗೆಯುತ್ತಾರೆ. ಅದರಲ್ಲಿ ಎರಡು ಗಾಯ ಬರೆದಿರುತ್ತದೆ. ಒಂದು ಹಣೆಯ ಮೇಲೆ, ಇನ್ನೊಂದು ತಲೆಯ ಹಿಂಭಾಗದಲ್ಲಿ.